ನಿಂತಲ್ಲೇ ಹಾರುವ ನೊಣದ ವಾಸ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ಚಿಕ್ಕೀರಯ್ಯ ಮೇಷ್ಟ್ರು. ಅವರು ಹೇಳಿದ ಹಾಗೇ ಹೇಳುತ್ತೇನೆ.

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ನಾರಣಪ್ಪನವರೆಂಬ ಗುರುಗಳು, ಶ್ರೀಪತಿಯೆಂಬ ಶಿಷ್ಯ. ಶ್ರೀಪತಿ ಮಂತ್ರೋಪದೇಶಕ್ಕಾಗಿ ಬಹಳ ಕಾಲದಿಂದ ಕಾದಿದ್ದ. ಕೇಳಿದಾಗಲೆಲ್ಲ ಗುರುಗಳು ಇನ್ನೊಂದು ಕೆಲಸ ಹೇಳುತ್ತಿದ್ದರು.

ಆ ಸಲ, ತುಳಸಿಯ ಮೇಲೆ ಗಾಳಿಯಲ್ಲಿ ನಿಂತೇ ಹಾರುತ್ತಿದ್ದ ಪಟ್ಟೆ ನೊಣವನ್ನು ತೋರಿಸಿದರು. ನೋಡಲು ಜೇನಿನ ಹಾಗೆ. ಆದರೆ ರೆಕ್ಕೆ ಎರಡೇ, ಕುಟುಕುವುದೂ ಇಲ್ಲ.

“ಈ ಕುಲದಲ್ಲಿ ಎಷ್ಟು ಬಗೆ, ಅವುಗಳ ವಾಸ ಎಲ್ಲಿ, ತಿಳಿದು ಬಾ. ಆಮೇಲೆ ಉಪದೇಶ.”

ನೊಣಕ್ಕೂ ಮಂತ್ರಕ್ಕೂ ಏನು ಸಂಬಂಧವೋ ಎಂದು ಗೊಣಗುತ್ತಲೇ ಶ್ರೀಪತಿ ಹೋದ. ಕೆಲವು ದಿನ ನೋಡಿ ಬಂದು, ಕಣ್ಣೆರಡೂ ಕೂಡಿಕೊಂಡದ್ದು ಒಂದು ಬಗೆ, ಕಣ್ಣಿನ ನಡುವೆ ಜಾಗ ಇರುವುದು ಇನ್ನೊಂದು ಬಗೆ ಎಂದು ಒಪ್ಪಿಸಿದ.

ಗುರುಗಳು ಹಣೆ ಒತ್ತಿಕೊಂಡರು.

“ಅದು ಗಂಡು, ಇದು ಹೆಣ್ಣು ಕಣಯ್ಯಾ. ಒಂದು ಸಂಸಾರವನ್ನೇ ಒಡೆದು ಬಂದೆಯಲ್ಲ.”

ಶ್ರೀಪತಿ ಮುಖ ಗಂಟಿಕ್ಕಿಕೊಂಡು ಮತ್ತೆ ಹೋದ. ಈ ಸಲ ಹೊಟ್ಟೆಯ ಪಟ್ಟೆ, ಕಾಲಿನ ಬಣ್ಣ ನೋಡಿ ಬಗೆಗಳನ್ನು ಸರಿಯಾಗಿಯೇ ವಿಂಗಡಿಸಿದ.

“ಆಗಲಿ. ವಾಸ?”

“ಎಲ್ಲವೂ ದೇವರ ಹೂವಿನಲ್ಲೇ ಗುರುಗಳೇ. ಹೊಲಸಿನ ಕಡೆ ಸುಳಿಯುವುದಿಲ್ಲ. ಬಹಳ ಮಡಿಯ ಜೀವ.”

“ಬಚ್ಚಲ ಹಿಂದಿನ ಗುಂಡಿಯಲ್ಲಿ ನೋಡಿದೆಯಾ?”

ಶ್ರೀಪತಿ ಎರಡು ಹೆಜ್ಜೆ ಹಿಂದೆ ಸರಿದ. ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಪೂಜೆಯ ಹೂ ಕೊಯ್ಯುವವನು ಅವನು. ಆ ಕಡೆ ಮುಖ ಹಾಕಿದವನಲ್ಲ. ಅಲ್ಲಿ ಬಾಲದ ಹುಳುಗಳಾಗಿವೆಯೆಂದು ಅಡಿಗೆಯ ಸುಬ್ಬಮ್ಮ ಹೇಳಿದ್ದಳಂತೆ. ಉಪದೇಶದ ಹೊತ್ತಿಗೆ ಆಶ್ರಮ ಶುದ್ಧವಾಗಿರಲೆಂದು ನಿನ್ನೆಯೇ ಅವಳಿಂದ ಕುದಿನೀರು ಹುಯ್ಯಿಸಿದ್ದಾಗಿ ಹೆಮ್ಮೆಯಿಂದ ತಿಳಿಸಿದ.



ಗುರುಗಳು ತಾವೇ ಎದ್ದು ಗುಂಡಿಗೆ ಹೋದರು. ಅಂಚಿನ ಮಣ್ಣು ಕೆದಕಿ, ಕುದಿನೀರು ಮುಟ್ಟದ ಒಂದು ಕಂದು ಗೂಡನ್ನು ತಂದರು. ಹುಳುವಿನ ಬಾಲ ಗೂಡಿಗಿನ್ನೂ ಅಂಟಿಕೊಂಡಿತ್ತು. ತುಳಸಿಕಟ್ಟೆಯ ಮೇಲೆ ಎಲೆಯಲ್ಲಿಟ್ಟು ಬುಟ್ಟಿ ಮುಚ್ಚಿದರು. ಹೊಲಸನ್ನು ದೇವರ ಹತ್ತಿರ ತಂದರಲ್ಲ ಎಂದು ಶ್ರೀಪತಿ ಕಸಿವಿಸಿಗೊಂಡ.

ದಿನಗಳು ಹೋದವು. ತುಳಸಿಗೆ ಹೂ ಬಂತು, ನೊಣ ಬರಲಿಲ್ಲ. ಶ್ರೀಪತಿ ಹೂಬುಟ್ಟಿ ಹಿಡಿದು ಅವನ್ನು ಹುಡುಕುತ್ತ ಗಿಡದಿಂದ ಗಿಡಕ್ಕೆ ಅಲೆದ.

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದು ಮುಚ್ಚಿದ್ದ ಬುಟ್ಟಿ ಎತ್ತಿದರು. ಗೂಡು ಒಡೆದಿತ್ತು. ಅದರ ಪಕ್ಕದಲ್ಲಿ ರೆಕ್ಕೆ ಆರಿಸಿಕೊಳ್ಳುತ್ತಿದ್ದ ಪಟ್ಟೆ ನೊಣ ಮೇಲೆದ್ದು, ತುಳಸಿಯ ಮೇಲೆ ಗಾಳಿಯಲ್ಲಿ ನಿಂತಿತು.

ಶ್ರೀಪತಿಯ ಕೈಯಿಂದ ಹೂಬುಟ್ಟಿ ಜಾರಿತು. ಸಣ್ಣ ದನಿಯಲ್ಲಿ ಕೇಳಿದ:

“ಗುರುಗಳೇ, ಹಾಗಾದರೆ ನನಗೆ ಉಪದೇಶ ಇಲ್ಲವೇ?”

“ನಾಳೆ ಸ್ನಾನ ಮಾಡಿ, ಮಡಿಯುಟ್ಟು, ಬಚ್ಚಲ ಹಿಂದೆ ಕೂತಿರು. ನಾನೂ ಅಲ್ಲಿಗೇ ಬರುತ್ತೇನೆ.”

ಓದಿದವರು ಇನ್ನೊಬ್ಬರಿಗೆ ಹೇಳಿ. ಅರ್ಥ ಮಾತ್ರ ಬಿಡಿಸಬೇಡಿ, ಮೇಷ್ಟ್ರೂ ಬಿಡಿಸಲಿಲ್ಲ.