ತಿರಕವ್ವನ ಕೇರಿ

ಕಡ್ಲಿಹಾಳದ ಪಡುವಣಕ್ಕೆ, ಬಸ್ಸು ನಿಲ್ಲುವ ಬೇವಿನ ಮರದಿಂದ ಕೂಗಳತೆ ದೂರದಲ್ಲಿ, ಹಳೇ ಕ್ಯಾಂಪು ಇದೆ. ಚಾವಣಿ ಕಳೆದುಕೊಂಡ ಬಂಗಲೆಗಳು, ಗಂಟೆಯಿಲ್ಲದ ಇಗರ್ಜಿ, ಈಗ ಆಡುಗಳು ಮಾತ್ರ ಸಾಲುಗಟ್ಟುವ ಕವಾಯತು ಬಯಲು. ಇವನ್ನೆಲ್ಲ ದಾಟಿ ದೊಡ್ಡ ಬಂಗಲೆಯ ಹಿತ್ತಲಿಗೆ ಹೋದರೆ ಅಷ್ಟೇನೂ ಎತ್ತರವಿಲ್ಲದ ಒಂದು ದಿಬ್ಬ ಸಿಗುತ್ತದೆ. ಅದರ ಹೆಸರು ತಿರಕವ್ವನ ಕೇರಿ. ಯಾರೀ ತಿರಕವ್ವ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಕಂಪನಿಯವರ ಮೇಲೆ ಕತ್ತಿ ಹಿರಿದ ರಾಣಿ ಎನ್ನುವವರಿದ್ದಾರೆ. ದೊರೆಯೊಬ್ಬ ಮರುಳಾದ ಚೆಲುವೆ ಎಂದು ದನಿ ತಗ್ಗಿಸಿ ಹೇಳುವವರೂ ಇದ್ದಾರೆ. ಕೇಳುವ ಕಿವಿಯಿದ್ದರೆ ಹೇಳುವ ಬಾಯಿಗೇನು ಬರ? ಊರ ಹಿರಿಯರು ಮಾತ್ರ ಎರಡಕ್ಕೂ ನಕ್ಕು, ನಡೆದದ್ದು ಹೀಗೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಕಂಪನಿ ಸರಕಾರದ ಕಾಲದಲ್ಲಿ, ದೊರೆಗಳು ಇಲ್ಲಿ ದಂಡು ಇಳಿಸಿ ಒಂದು ಪುಟ್ಟ ಪಟ್ಟಣವನ್ನೇ ಕಟ್ಟಿದರಂತೆ. ಬಾವಿಗಳು ಬತ್ತಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಅವರು ಬರೆಸಿದ ನಕ್ಷೆಯಲ್ಲಿ ಒಂದೊಂದು ಬಂಗಲೆಗೂ ಒಬ್ಬೊಬ್ಬ ದೊರೆಯ ಹೆಸರಿತ್ತು, ಕುದುರೆ ಲಾಯಕ್ಕೂ ಹೆಸರಿತ್ತು. ಹಿತ್ತಲಿನಾಚೆ ಅಡುಗೆಯವರು, ಅಗಸರು, ನೀರು ಹೊರುವವರು ಬಾಳಿದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು.

ಎಷ್ಟೋ ತಲೆಮಾರು ಕಳೆದ ಮೇಲೆ ಊರ ಶಾಲೆಗೆ ಗುರುಪಾದಪ್ಪ ಎಂಬ ಮಾಸ್ತರರು ಬಂದರು. ಕ್ಯಾಂಪನ್ನು ಅಗೆದು ನೋಡಬೇಕೆಂಬ ಹುಚ್ಚು ಅವರಿಗೆ. ಸರಕಾರದ ಅಪ್ಪಣೆ ತಂದರು, ರೊಕ್ಕ ಮಾತ್ರ ತರಲಾಗಲಿಲ್ಲ. ಕೂಲಿ ಇಲ್ಲ, ಚಹಾ ಉಂಟು ಎಂದು ಡಂಗುರ ಹೊಡೆಸಿದರು. ಆದರೂ ರವಿವಾರ ಬಂದರೆ ಸಿಂಪಿಗರು, ಅಂಚೆಯವರು, ಕಾಲೇಜು ಹುಡುಗಿಯರು ಸಲಿಕೆ ಹಿಡಿದು ಹಾಜರಾಗುತ್ತಿದ್ದರು. ಅವರೆಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ಊರಿನ ಕಡೇ ಮನೆಯ ಮುದುಕಿ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡೀಮನಿ ಆಯಿ ಎಂದು. ಅದಕ್ಕೂ ಮೊದಲು ಯಾರದೋ ಸೊಸೆ, ಯಾರದೋ ಹೆಂಡತಿ, ಯಾರದೋ ಅವ್ವ. ಅವಳಿಗೊಂದು ಸ್ವಂತ ಹೆಸರಿದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಆಯಿಯ ಮುತ್ತಜ್ಜ ದೊರೆಯೊಬ್ಬನ ಅಡುಗೆಯವನಾಗಿದ್ದನಂತೆ. ಅವನ ಹೆಸರು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತನ್ನವರ ಒಂದಾದರೂ ಹೆಸರು ಈ ಮಣ್ಣಿನಲ್ಲಿ ಸಿಕ್ಕೀತೆಂಬುದೇ ಅವಳ ಆಸೆ. ಮಾಸ್ತರರ ಮಂದಿ ಬಂಗಲೆಯನ್ನೇ ಅಗೆಯುತ್ತ ಕೂತಾಗ ಅವಳ ತಾಳ್ಮೆ ಮುಗಿಯಿತು.

"ಮಾಸ್ತರ, ಉಂಡವ್ರ ಮನಿ ಅಗದದ್ದು ಸಾಕ್ರಿ. ಅಡಗಿ ಮಾಡಿದವ್ರ ಮನಿ ಯಾವಾಗ ಅಗಿಯೂದು?"

ಮಾಸ್ತರರು ನಕ್ಕು, ಮರುವಾರವೇ ಹಿತ್ತಲಲ್ಲಿ ಚೌಕ ಗುರುತು ಹಾಕಿಸಿದರು. ಅಲ್ಲಿ ಒಲೆಗಳು ಸಿಕ್ಕವು, ಸವೆದ ಬೀಸುವ ಕಲ್ಲು ಸಿಕ್ಕಿತು, ಒಡೆದ ಬಳೆಗಳು ಸಿಕ್ಕವು. ಬಂಗಲೆಯಲ್ಲಿ ದೊರಕಿದ ಪಿಂಗಾಣಿ ಚೂರಿನ ತಳದಲ್ಲೂ ಮಾಡಿದವರ ಹೆಸರಿತ್ತು. ಆಯಿ ತನ್ನ ಕಡೆಯ ಒಂದೊಂದು ಗಡಿಗೆ ಚೂರನ್ನೂ ತೊಳೆದು, ಮಗುಚಿ, ಬಿಸಿಲಿಗೆ ಹಿಡಿದು ನೋಡಿದಳು. ಒಂದಕ್ಷರವೂ ಇರಲಿಲ್ಲ. ಅವತ್ತು ಅವಳು ಚಹಾ ಕುಡಿಯದೆ ಮನೆಗೆ ಹೋದಳು.

ಮಳೆಗಾಲಕ್ಕೆ ಮುಂಚೆ ಗುಂಡಿ ಮುಚ್ಚಬೇಕಾಯಿತು. ಅಗೆಯುವವರಲ್ಲಿ ಒಂದು ಪದ್ಧತಿಯುಂಟು. ಮುಚ್ಚುವ ಮುನ್ನ ತಳದಲ್ಲಿ ಆ ವರ್ಷದ ನಾಣ್ಯವೊಂದನ್ನು ಇಡುತ್ತಾರೆ, ಮುಂದೆ ಅಗೆಯುವವರಿಗೆ ಇಲ್ಲಿಯವರೆಗೆ ಹಿಂದಿನವರು ಬಂದಿದ್ದರೆಂದು ತಿಳಿಯಲಿ ಎಂದು. ಉಳಿದವರು ಬುತ್ತಿ ಬಿಚ್ಚಿ ಕೂತಿದ್ದಾಗ ಮಾಸ್ತರರು ನಾಣ್ಯ ಇಟ್ಟರು. ಆಯಿ ಸರಸರನೆ ಮನೆಗೆ ಹೋಗಿ ಒಂದು ಹಿತ್ತಾಳೆ ತಂಬಿಗೆ ತಂದಳು. ಮದುವೆಯಲ್ಲಿ ತವರಿನವರು ಅವಳ ಹೆಸರು ಕೊರೆಸಿ ಕೊಟ್ಟದ್ದು.

"ನಾಣ್ಯೇದ ಮ್ಯಾಲ ಸರಕಾರದ ಹೆಸರೈತ್ರಿ. ಈ ಓಣಿ ಮಂದೀದು ಒಂದರ ಹೆಸರ ಇರ್ಲಿ," ಎಂದಳು.

ಮಾಸ್ತರರು ಅಕ್ಷರ ಓದಿಕೊಂಡರು, ಅವಳ ಮುಖ ನೋಡಿದರು, ತಾವೇ ಗುಂಡಿಗಿಳಿದು ತಂಬಿಗೆಯನ್ನು ನಾಣ್ಯದ ಪಕ್ಕದಲ್ಲಿಟ್ಟರು. ಆ ವರ್ಷವೇ ಅವರಿಗೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ ದೂರದೂರಿನ ಕಾಲೇಜು ಹುಡುಗರು ಬಂದು ಅದೇ ಗುಂಡಿಯನ್ನು ಮತ್ತೆ ತೆರೆದರು. ಆಯಿ ಆಗ ಮೊಮ್ಮಗಳ ಬಾಣಂತನಕ್ಕೆಂದು ಗದಗಿಗೆ ಹೋಗಿದ್ದಳು. ನಾಣ್ಯ ಮಣ್ಣುಹೆಂಟೆಯಲ್ಲಿ ಮರೆಯಾಗಿತ್ತು. ಮೊದಲು ಕಂಡದ್ದು ಹಸಿರು ಕಿಲುಬು ಹಿಡಿದ ತಂಬಿಗೆ. ಹುಡುಗನೊಬ್ಬ ಅದನ್ನು ಉಜ್ಜಿ ತಿರಕವ್ವ ಎಂದು ಗಟ್ಟಿಯಾಗಿ ಓದಿದ್ದೇ ತಡ, ನೋಡಲು ನಿಂತವರು ಕೈ ಮುಗಿದರು. ಊರಲ್ಲಿ ತಿರಕವ್ವ ಎಂಬವರು ಯಾರೂ ಇಲ್ಲ, ಇದ್ದದ್ದನ್ನು ಕೇಳಿದವರೂ ಇಲ್ಲ. ಹಾಗಾದರೆ ನೆಲದೊಳಗಿಂದ ತಾಯಿಯೇ ಹೆಸರು ಹೇಳಿಕೊಂಡು ಬಂದಿದ್ದಾಳೆ ಎಂದು ತೀರ್ಮಾನವಾಯಿತು. ಹುಡುಗರು ನಾಣ್ಯ ಹುಡುಕಿ ತೋರಿಸುವಷ್ಟರಲ್ಲಿ ತಂಬಿಗೆಗೆ ಕುಂಕುಮ ಏರಿತ್ತು, ಸುತ್ತಲಿನ ಊರುಗಳಿಂದ ಕಾಯಿ ಹಿಡಿದ ಮಂದಿಯ ಪಾಳಿ ಹತ್ತಿತ್ತು.

ಆಯಿ ಮರಳಿ ಬಂದ ಬಸ್ಸಿನಲ್ಲೂ ತಿರಕವ್ವ ದೇವಿ ಎದ್ದಳೆಂಬ ಸುದ್ದಿಯೇ, ತಂಬಿಗೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ನನ್ನ ಹೆಸರಿನ ದೇವಿ ಎಂದ ಮೇಲೆ ಕೈ ಮುಗಿಯದಿದ್ದರೆ ಹೇಗೆ ಎಂದುಕೊಂಡು ಅವಳೂ ಒಂದು ಕಾಯಿ ಕೊಂಡು ಪಾಳಿಯಲ್ಲಿ ನಿಂತಳು. ಹತ್ತಿರ ಬಂದಾಗ ಕಂಡದ್ದು, ಮದುವೆಯ ದಿನ ಮದುಮಗ ಗಾಬರಿಯಲ್ಲಿ ಕೈಜಾರಿ ಕೆಡವಿದಾಗ ಬಿದ್ದ ನೆಗ್ಗು.

"ಇದು ನನ್ನ ತಂಬಗಿ," ಎಂದಳು.

"ನೀ ಯಾರಬೇ?" ಎಂದಳು ಹಿಂದೆ ನಿಂತ ಪರವೂರಿನ ಮುದುಕಿ.

"ತಿರಕವ್ವ."

ಆ ಹೆಸರು ಅವಳ ಬಾಯಿಂದ ಹೊರಡದೆ ಎಷ್ಟು ಕಾಲವಾಗಿತ್ತೆಂದರೆ, ನಾಲಿಗೆ ಒಂದು ಗಳಿಗೆ ತಡವರಿಸಿತು. ಊರವರಿಗೆ ನಾಚಿಕೆ, ಪರವೂರಿನವರಿಗೆ ಪೆಚ್ಚು. ಕಡೆಗೆ ಆ ಮುದುಕಿಯೇ, "ಒಡದ ಕಾಯಿ ಕೂಡೂದಿಲ್ಲ. ನೀನ ತಿನ್ನಬೇ ನಮ್ಮವ್ವಾ," ಎಂದು ಹೋಳೊಂದನ್ನು ಅವಳ ಕೈಗಿಟ್ಟಳು. ಪಾಳಿಗೆ ಪಾಳಿಯೇ ನಕ್ಕಿತು. ಎಲ್ಲರೂ ದಿಬ್ಬದ ಮೇಲೆ ಕೂತು ಕಾಯಿ ಬೆಲ್ಲ ಹಂಚಿಕೊಂಡು ತಿಂದರು. ಆಯಿ ಒಲೆಗಳನ್ನು ತೋರಿಸುತ್ತ ಮುತ್ತಜ್ಜನ ಕಥೆ ಹೇಳಿದಳು.

ಸರಕಾರದವರು ಫಲಕ ಬರೆಸಲು ಬಂದಾಗ ಊರವರೆಲ್ಲ ಒಂದೇ ಬಾಯಿಂದ ತಿರಕವ್ವನ ಕೇರಿ ಎಂದರು. ಆಯಿ ಒಪ್ಪಲಿಲ್ಲ, ಹಿರಿಯರ ಹೆಸರು ಬರೆಯಿರಿ ಎಂದು ಹಟ ಹಿಡಿದಳು. ಯಾವ ಹೆಸರು ಎಂದು ಬರೆಯುವವನು ಕುಂಚ ಎತ್ತಿ ಕಾದ. ಅವಳು ಒಂದೊಂದು ಒಲೆಯನ್ನೂ ಮುಟ್ಟಿ ನೋಡಿ ಬಂದಳು.

"ನಂದ ಬರೀರಿ ಹಂಗಾರ. ಖಾಲಿ ಮಾತ್ರ ಬಿಡಬ್ಯಾಡ್ರಿ."

ಇಂದು ಹೋದವರಿಗೆ ಅಲ್ಲಿ ಕಾಣುವುದು ಒಲೆಗಳ ಸಾಲು, ಬೀಸುವ ಕಲ್ಲು, ಆ ಫಲಕ. ತಂಬಿಗೆ ಕಾಣುವುದಿಲ್ಲ, ಒಲೆಗಳನ್ನಷ್ಟೇ ತೆರೆದಿಟ್ಟು ಉಳಿದ ಗುಂಡಿ ಮುಚ್ಚುವಾಗ ಆಯಿಯೇ ಅದನ್ನು ಬೆಳಗಿ ಮತ್ತೆ ತಳದಲ್ಲಿರಿಸಿದಳಂತೆ. ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೆಣ್ಣುಮಕ್ಕಳು ನಮ್ಮ ಸೀಮೆಯ ಎಲ್ಲ ಊರಲ್ಲೂ ಇದ್ದಾರೆ. ಈ ದಿಬ್ಬ ಹತ್ತಿದವರು ಮಾತ್ರ ಫಲಕ ಓದಿ, ಒಬ್ಬರನ್ನೊಬ್ಬರು ನೋಡಿ ನಕ್ಕು, ತಮ್ಮ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ ಇಳಿಯುತ್ತಾರೆ.