ಕಿವಿಗೊಟ್ಟವ್ವನ ಬಂಡೆ

ಊರಿನಿಂದ ಮೂಡಲಿಗೆ ನಡೆದರೆ ಸಿಗುವ ಬೋಳು ಬಂಡೆಗೆ ಕಿವಿಗೊಟ್ಟವ್ವನ ಬಂಡೆ ಎಂದು ಹೆಸರು. ಸರ್ಕಾರದ ನಕಾಶೆಯಲ್ಲಿ ಬೇರೇನೋ ಹೆಸರಿದೆಯಂತೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಇಲ್ಲಿ ಯಾರಿಗೂ ತಿಳಿಯದು. ಬಂಡೆಯ ನೆತ್ತಿಯಲ್ಲಿ ಒಬ್ಬ ಆಳು ಕೂರುವಷ್ಟು ದೊಡ್ಡ ಕುಳಿಯಿದೆ. ಅದರ ಬಾಯಿಂದ ಬುಡದ ತನಕ ಒಂದು ಕಂದು ಕಲೆ ಇಳಿದಿದೆ. ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಾಗಾಗಿದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು, ಅಲ್ಲವೆನ್ನಲು ನಾವು ಯಾರು? ಆದರೆ ಹಾಗೆ ಹೇಳಿದವರೂ ಆ ಕುಳಿಗೆ ಬೆನ್ನು ಹಾಕಿ ಕೂರುವುದಿಲ್ಲ. ಬುತ್ತಿ ಬಿಚ್ಚುವುದಿದ್ದರೆ ಕೆಳಗಿಳಿದು ಬಿಚ್ಚುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಬಂಡೆಯ ಸುತ್ತ ಬೇಲದ ಕಾಡಿತ್ತು ಎನ್ನುತ್ತಾರೆ. ಮಾಗಿಯಲ್ಲಿ ಬೇಲದ ಹಣ್ಣು ಆಯ್ದು, ತಿರುಳಿಗೆ ಜೇನು ಬೆರೆಸಿ ಹೆಂಡ ಹಾಕುತ್ತಿದ್ದರು. ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿಗೆ, ಅದನ್ನು ಹಿರಿಯರಿಗೆ ಎಡೆಯಿಟ್ಟು ಇಡೀ ಊರು ಕುಡಿಯುತ್ತಿತ್ತು. ಮಕ್ಕಳ ನಾಲಿಗೆಗೂ ಒಂದು ತೊಟ್ಟು ಬೀಳುತ್ತಿತ್ತು. ಹೆಂಡ ಹಾಕುವ ಕೆಲಸ ಹೊಂಬಾಳವ್ವನ ಮನೆಯದು. ಅತ್ತೆ ಪುಟ್ಟೀರವ್ವ ಕಲಿಸಿದ್ದಳು, ಸೊಸೆ ಅತ್ತೆಯನ್ನೂ ಮೀರಿಸಿದ್ದಳು. ಬೇಲವನ್ನು ಎತ್ತರದಿಂದ ಕಲ್ಲಿನ ಮೇಲೆ ಬಿಡಬೇಕು. ಪುಟಿದರೆ ಕಾಯಿ, ಧೊಪ್ಪನೆ ಬಿದ್ದು ಕೂತರೆ ಹಣ್ಣು. ಎಲೆ ಉಜ್ಜಿದರೆ ಸೋಂಪಿನ ವಾಸನೆ ಬರಬೇಕು. ಅದೇ ಕಾಡಿನಲ್ಲಿ ಕಾಸರಕವೂ ಬೆಳೆಯುತ್ತಿತ್ತು. ಅದು ನೋಡಲು ಬೇಲಕ್ಕಿಂತ ಚೆಂದ, ಕಿತ್ತಳೆಯಂತೆ ಹೊಳೆಯುವ ಹಣ್ಣು. ಎಲೆಗೆ ವಾಸನೆಯಿಲ್ಲ, ಒಳಗೆ ಚಪ್ಪಟೆ ಬಿಲ್ಲೆಯಂಥ ಬೀಜ. ಮಂಗ ತಿರುಳು ಚೀಪುವುದನ್ನು ಕಂಡು ಮನುಷ್ಯ ಬಾಯಿಗಿಟ್ಟು ಕೆಡಬಾರದು. ಜಜ್ಜಿದ ಆ ಬೀಜ ಹೊಟ್ಟೆಗೆ ಬಿದ್ದರೆ ಮೈ ಸೆಟೆದು ಪ್ರಾಣ ಹೋಗುತ್ತದೆ. ಇದನ್ನೆಲ್ಲ ಹೊಂಬಾಳವ್ವ ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದಳು.

ಆ ವರ್ಷ ಕಾರ್ತಿಕದಲ್ಲಿ ಅವಳ ಒಬ್ಬಳೇ ಮಗಳು ತಿಪ್ಪಿ ಜ್ವರ ಬಂದು ಹೋದಳು. ಹುಟ್ಟಿದ ಕೂಸುಗಳು ನಿಲ್ಲುತ್ತಿರಲಿಲ್ಲವೆಂದು, ಸಾವಿನ ಕಣ್ಣು ತಪ್ಪಿಸಲು ಇವಳನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಿದ್ದರು. ಸಾವಿನ ಕಣ್ಣು ಚೆನ್ನಾಗಿಯೇ ಇತ್ತು. ಹೊಂಬಾಳವ್ವ ಅಳಲಿಲ್ಲ. ಮಾಗಿ ಬಂದಾಗ ಎಂದಿನಂತೆ ಹಣ್ಣು ಆಯ್ದು, ಬಂಡೆಯ ಕುಳಿಯಲ್ಲಿ ಮಣ್ಣಿನ ದೊಡ್ಡ ಗುಡಾಣ ಕೂರಿಸಿ ಹೆಂಡ ಹಾಕಿದಳು. ಹೆಂಡ ಹದಕ್ಕೆ ಬಂತೇ ಎಂದು ತಿಳಿಯಲು ಕಿವಿಯೇ ಬೇಕು. ಹುಳಿಯುವಾಗ ಗುಡಾಣ ಒಳಗೊಳಗೇ ಗುಳುಗುಟ್ಟುತ್ತದೆ. ಬದಿಗೆ ಕಿವಿಯಿಟ್ಟು ಕೇಳಿ, ಸದ್ದು ಪೂರ್ತಿ ಅಡಗಿದ ಮೇಲೆ ಸೋಸಬೇಕು. ಸದ್ದು ಇಳಿಯುತ್ತಿದ್ದ ಒಂದು ಮಟಮಟ ಮಧ್ಯಾಹ್ನ ಅವಳು ಹಾಗೆ ಬಾಗಿ ಕೇಳುತ್ತಿದ್ದಾಗ, ಗುಳುಗುಟ್ಟುವುದರ ಅಡಿಯಿಂದ ಒಂದು ಎಳೆಯ ದನಿ, “ಅವ್ವಾ, ಹಸಿವು” ಎಂದಿತು.

ಅವಳು ಒಂದು ಬೇಲ ಒಡೆದು ಗುಡಾಣಕ್ಕೆ ಹಾಕಿದಳು. ಒಳಗೆ ಚಪ್ಪರಿಸಿದ ಸದ್ದಾಯಿತು, ದನಿ ಸುಮ್ಮನಾಯಿತು. ಮಾರನೆಯ ದಿನ ಮತ್ತೆ ಹಸಿವು ಎಂದಿತು, ಮತ್ತೆ ಹಾಕಿದಳು. ಹಣ್ಣು ಬೀಳುತ್ತಿದ್ದರೆ ಹುಳಿಯುವುದು ನಿಲ್ಲುವುದಿಲ್ಲ. ಸದ್ದು ನಿಂತರೆ ದನಿಯೂ ನಿಲ್ಲುತ್ತದೆ. ಅವಳಿಗೆ ಉಳಿದಿದ್ದುದು ಆ ಭಯವೊಂದೇ. ಅವಳ ಮುಖ ಗೆಲುವಾದುದನ್ನು ಕಂಡು ನೆರೆಯವರು, ಇವಳು ಹೆಂಡದ ರುಚಿ ನೋಡುತ್ತ ನೋಡುತ್ತ ಗುಡಾಣವನ್ನೇ ಬರಿದುಮಾಡುತ್ತಾಳೆ ಎಂದು ನಕ್ಕರು. ಅವರು ಬಂಡೆ ಹತ್ತಿ ನೋಡಿದ್ದರೆ ನಗುತ್ತಿರಲಿಲ್ಲ. ಚೆಲ್ಲಿದ ಜೇನಿಗೆ ಅಲ್ಲಿ ಒಂದು ಇರುವೆ ಕೂಡ ಬರುತ್ತಿರಲಿಲ್ಲ. ದನಿ ದಿನದಿನಕ್ಕೆ ದಪ್ಪವಾಗುತ್ತಿತ್ತು. ಕೊನೆಗೆ ಬೇಲ ಮುಗಿಯಿತು. ಹಸಿವು, ಹಸಿವು ಎಂಬ ಕೂಗು ಅವಳು ಮನೆಯಲ್ಲಿ ಅನ್ನದ ಮುಂದೆ ಕೂತಾಗಲೂ ಕೇಳತೊಡಗಿತು. ಕಾಡಿನಲ್ಲಿ ಇನ್ನು ಉಳಿದಿದ್ದುದು ಕಾಸರಕ ಮಾತ್ರ. ಅದರ ಕೆಳಗೆ ನಿಂತು ರೂಢಿಯಂತೆ ಎಲೆ ಉಜ್ಜಿ ಮೂಸಿದಳು. ವಾಸನೆ ಬರಲಿಲ್ಲ. ಮಡಿಲು ತುಂಬ ಕಿತ್ತು, ಬೀಜಸಮೇತ ಜಜ್ಜಿ ಉಣಿಸಿದಳು.

ತೊಡಕಿನ ಬೆಳಿಗ್ಗೆ ಊರವರು ಚೊಂಬು ತಂಬಿಗೆ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂಡೆಯತ್ತ ಹೊರಟರು. ಹದ ನೋಡಲೆಂದು ಪುಟ್ಟೀರವ್ವ ಅವರಿಗಿಂತ ಮೊದಲೇ ಹತ್ತಿದ್ದಳು. ಕುಳಿಯ ಬಳಿ ಕಾಸರಕದ ಜಜ್ಜಿದ ಬಿಲ್ಲೆಬೀಜಗಳು ಬಿದ್ದಿದ್ದುದನ್ನು ಮುದುಕಿ ಕಂಡಳು. ಗುಡಾಣಕ್ಕೆ ಕಿವಿಯಿಟ್ಟಳು. ಅವ್ವಾ ಎನ್ನುವ ಆ ದನಿ ಅವಳಿಗೂ ಕೇಳಿಸಿತು.

“ಇದು ನಮ್ಮ ತಿಪ್ಪಿ ಅಲ್ಲ ಕಣೆ,” ಎಂದು ಗುಡಾಣದ ಪಕ್ಕ ಕೂತಿದ್ದ ಸೊಸೆಗೆ ಹೇಳಿದಳು. “ಮನೆಯೋರೆಲ್ಲ ಕರೆಯೋದು ಕೇಳಿ ನಮ್ಮ ಕೂಸೂ ನಿನ್ನ ಅಕ್ಕ ಅಂತಿತ್ತು. ಒಂದು ದಿನವಾದ್ರೂ ಅವ್ವ ಅಂದಿತ್ತಾ?”

“ಗೊತ್ತು ಅತ್ತೆ. ಮೊದಲ ದಿನವೇ ಗೊತ್ತಾಯ್ತು.”

“ಗೊತ್ತಿದ್ದೂ ಉಣಿಸಿದೆಯಾ?”

“ಯಾರ ಮಗುವೋ. ಹಸಿವು ಅಂತು. ಅವ್ವ ಅಂತು.”

ಊರವರ ಮಾತು ನಗು ಹತ್ತಿರವಾಗುತ್ತಿತ್ತು. ಪುಟ್ಟೀರವ್ವ ಕಲ್ಲೊಂದನ್ನು ಎತ್ತಿಕೊಂಡಳು. ಹೊಂಬಾಳವ್ವ ಕೆಳಗೆ ನೋಡಿದಳು. ಹೆಗಲ ಮೇಲಿನ ಮಕ್ಕಳು ಅವಳ ಕಣ್ಣಿಗೆ ಬಿದ್ದಿರಬೇಕು. ಅತ್ತೆಯ ಕೈಯಿಂದ ಕಲ್ಲನ್ನು ಮೆಲ್ಲಗೆ ತೆಗೆದುಕೊಂಡು, ತಾನೇ ಗುಡಾಣದ ಮೇಲೆ ಹಾಕಿದಳು. ಆಗ ಎದ್ದ ಕೂಗನ್ನು ಹತ್ತುತ್ತಿದ್ದವರೆಲ್ಲ ಕೇಳಿದರು, ಯಾವ ತಾಯಿಯೂ ಅದನ್ನು ಮರೆಯಲಿಲ್ಲ ಎನ್ನುತ್ತಾರೆ. ಹೆಂಡ ಉಕ್ಕಿ ಬಂಡೆಯುದ್ದಕ್ಕೂ ಹರಿಯಿತು, ಊರು ಉಳಿಯಿತು. ಹೊಂಬಾಳವ್ವ ಮಾತ್ರ ಮನೆಗೆ ಬರಲಿಲ್ಲ. ಖಾಲಿ ಕುಳಿಯೊಳಗೆ ಕೂತು ಕಲ್ಲಿಗೆ ಕಿವಿಯಿಟ್ಟಳು. ಅತ್ತೆ ತಂದುಕೊಟ್ಟ ಅನ್ನದಲ್ಲಿ ಅರ್ಧವನ್ನು ಕುಳಿಯಲ್ಲಿಡುತ್ತಿದ್ದಳಂತೆ. ಸತ್ತಾಗಲೂ ಅವಳ ಕಿವಿ ಕಲ್ಲಿಗೇ ಅಂಟಿಕೊಂಡಿತ್ತು. ಅಲ್ಲಿಂದ ಬಂಡೆಗೆ ಈ ಹೆಸರು ಬಂತು.

ಈಗಲೂ ಬಂಡೆ ನೋಡಲು ಬಂದವರು ಆ ಕುಳಿಗೆ ಕಿವಿಯಿಟ್ಟು ಕೇಳುವುದುಂಟು. ಗಾಳಿಯ ಸದ್ದು ಎಂದು ಗಂಡಸರು ನಕ್ಕು ಎದ್ದುಬಿಡುತ್ತಾರೆ. ಮಕ್ಕಳನ್ನು ಕಳೆದುಕೊಂಡ ಹೆಂಗಸರು ಸ್ವಲ್ಪ ಹೆಚ್ಚು ಹೊತ್ತು ಬಾಗಿರುತ್ತಾರೆ. ಯಾರಾದರೂ ವಿಚಾರಿಸಿದರೆ, ಏನೂ ಕೇಳಿಸಲಿಲ್ಲ ಎಂದು ಹೇಳಿ ಇಳಿಯುತ್ತಾರೆ. ಅವರಲ್ಲಿ ಕೆಲವರು ಮರುವಾರ ಒಬ್ಬೊಬ್ಬರೇ, ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಮತ್ತೆ ಬಂಡೆ ಹತ್ತುವುದನ್ನು ಕೆಳಗಿನ ಹೊಲದವರು ನೋಡುತ್ತಾರೆ. ಯಾರೂ ತಡೆಯುವುದಿಲ್ಲ.