ಸುದ್ದಿಗೆರೆಯ ಒರಗುಗಲ್ಲು

ತುಂಗಭದ್ರೆಯಿಂದ ಬಡಗಲಿಗೆ, ಎರೆಹೊಲಗಳ ನಡುವೆ ಸುದ್ದಿಗೆರೆ ಎಂಬ ಕೆರೆಯಿದೆ. ಊರಿಗೂ ಅದೇ ಹೆಸರು. ಏರಿಯ ಉದ್ದಕ್ಕೂ ಒಂದೇ ಅಳತೆಯ ಕರಿಗಲ್ಲು. ನಡುವೆ ಮಾತ್ರ ಒಂದರಂತೆ ಒಂದಿಲ್ಲದ ಕೆಲವು ದೊಡ್ಡ ಬಂಡೆಗಳು. ಒಂದರ ಮೇಲೆ ಮೂರೇ ಕಾಲಿನ ಆನೆ, ಒಂದರ ಮೇಲೆ ಚುಕ್ಕಿ, ಮತ್ತೊಂದರ ಮೇಲೆ ಅರ್ಧಕ್ಕೇ ನಿಂತ ಹೊಳೆ, ಇನ್ನೊಂದರ ಮೇಲೆ ಬೆನ್ನಿಗೆ ಬೆನ್ನು ಮಾಡಿ ಕುಳಿತ ಇಬ್ಬರು ಗುರುಗಳು. ದಂಡೆಯ ಸೋಮೇಶ್ವರನಿಗೆ ಕೈಮುಗಿದವರು ಇವನ್ನು ನೋಡದೆ ಹೋಗುವುದಿಲ್ಲ. ಏರಿಯ ಮೇಲೆ ಕಟ್ಟಡಕ್ಕೆ ಸೇರದೆ ಸುಮ್ಮನೆ ಒರಗಿಕೊಂಡ ಕಲ್ಲೊಂದಿದೆ. ಅದರ ಮಾತು ಕಡೆಗೆ ಬರಲಿ.

ಹಿಂದೆ ಒಮ್ಮೆ, ಶಕವರ್ಷ ಒಂಬೈನೂರ ಎಪ್ಪತ್ತಾರು, ಜಯ ಸಂವತ್ಸರದಲ್ಲಿ, ಬಮ್ಮಗಾವುಂಡನೆಂಬ ಹಿರಿಯ ಇಲ್ಲಿ ಕೆರೆ ಕಟ್ಟಿಸುತ್ತಿದ್ದ ಎನ್ನುತ್ತಾರೆ. ಎರಡು ಕಡೆಯಿಂದಲೂ ಏರಿ ಎದ್ದು ಬಂದಿತ್ತು. ಹಳ್ಳ ಹರಿಯುವ ನಡುಗಂಡಿಯೊಂದೇ ಬಾಕಿ. ಹಸ್ತದ ಮಳೆಗೆ ಮುಂಚೆ ಅದು ಮುಚ್ಚದಿದ್ದರೆ ಕಟ್ಟಿದ್ದೆಲ್ಲ ಕೊಚ್ಚಿಹೋಗಿ, ಕುಡಿಯುವ ನೀರಿಲ್ಲದೆ ಊರೇ ಗುಳೆ ಏಳಬೇಕಿತ್ತು. ಗಾವುಂಡನ ಮನಸ್ಸು ಮಾತ್ರ ಗಂಡಿಯ ಮೇಲಿರಲಿಲ್ಲ, ದಾರಿಯ ಮೇಲಿತ್ತು. ಅವನ ಒಬ್ಬನೇ ಮಗ ಮಾಚ, ಯುಗಾದಿಯ ಬೇವು ಬಾಯಲ್ಲಿರುವಾಗಲೇ ಬಿಲ್ಲು ಹೆಗಲಿಗೇರಿಸಿ ಚೋಳರ ಎದುರು ಕೊಪ್ಪದ ಕಾಳಗಕ್ಕೆ ಹೋಗಿದ್ದ.

ಊರಿಗೊಂದು ಕಟ್ಟಳೆಯಿತ್ತು. ಸಾವಿನ ಸುದ್ದಿ ಬಂದರೆ ಮಣ್ಣು ಹೊರುವ ಮಂಕರಿಗಳನ್ನು ತೊಳೆದು ಬೋರಲು ಹಾಕಬೇಕು. ಸೂತಕ ಕಳೆಯುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಕತ್ತೆಗಳ ಮೇಲೆ ಮೆಣಸು ಹೇರಿಕೊಂಡು ಬಂದ ಚಟ್ಟಿಸೆಟ್ಟಿ ಎಂಬ ವರ್ತಕ ಮೊದಲ ಸುದ್ದಿ ತಂದ. ಕೊಪ್ಪದಲ್ಲಿ ಚೋಳರ ಅರಸ ಆನೆಯ ಮೇಲೆಯೇ ಮಡಿದನಂತೆ. ಗಾವುಂಡ ತನ್ನ ಮಗನ ಸುದ್ದಿ ಕೇಳಿದ. "ಅರಸರ ಹೆಣಕ್ಕೆ ಹೆಸರುಂಟು ಗಾವುಂಡರೇ, ಉಳಿದವರದ್ದನ್ನು ಯಾರು ಕೇಳಬೇಕು?" ಎಂದ ಸೆಟ್ಟಿ. ಗಾವುಂಡ, "ಹಗೆಯಾದರೂ ಒಬ್ಬ ತಾಯಿಯ ಮಗ. ಮಂಕರಿ ಬೋರಲು ಹಾಕಿ" ಎಂದ. ಕಂಡವರ ಮಗನಿಗೆ ತಾನು ಸೂತಕ ಹಿಡಿದರೆ, ತನ್ನ ಮಗನಿಗೂ ಎಲ್ಲೋ ಯಾರೋ... ಆ ಯೋಚನೆಯನ್ನು ಅವನು ಕೊನೆಯವರೆಗೆ ಹೋಗಲು ಬಿಡುತ್ತಿರಲಿಲ್ಲ.

ಆಮೇಲೆ ಆ ವರುಷಕ್ಕೆ ನೆಮ್ಮದಿಯೆಂಬುದೇ ಇಲ್ಲವಾಯಿತು. ಆಷಾಢದಲ್ಲಿ ಆಕಾಶದಲ್ಲಿ ಹಿಂದೆಂದೂ ಇಲ್ಲದ ಚುಕ್ಕಿಯೊಂದು ಹುಟ್ಟಿ, ಹಗಲಲ್ಲೂ ಉರಿಯಿತು. ಚೀನದವರೂ ಅದನ್ನು ಕಂಡು ಬೆರಗಾದರೆಂದು ಕರಾವಳಿಯಿಂದ ಮಾತು ಬಂತು. ಯಾರೋ ಮಹಾತ್ಮ ಹೋದ ಗುರುತೆಂದು ಮಂಕರಿ ಬೋರಲಾದವು. ಕಡಲಾಚೆಯ ಮಿಸರ ದೇಶದ ಹಿರಿಹೊಳೆಗೆ ನೀರೇರದೆ ಜನ ಹಸಿದು ಬೀದಿಯಲ್ಲಿ ಬೀಳುತ್ತಿದ್ದಾರೆಂದು ಕೇಳಿ ಮತ್ತೆ ಬೋರಲಾದವು. ಪಡುವಣದ ರೋಮಕರ ನಾಡಿನಲ್ಲಿ ಒಂದೇ ದೇವರ ಗುರುಪೀಠಗಳೆರಡು ಒಂದನ್ನೊಂದು ಶಪಿಸಿ ಬೇರೆಯಾದವು ಎಂಬ ಸುದ್ದಿಗೆ ಯಾರೂ ಸತ್ತಿರಲಿಲ್ಲ. ಆದರೂ "ಮನೆ ಒಡೆದದ್ದೂ ಸಾವೇ" ಎಂದ ಗಾವುಂಡ. "ಇನ್ನು ಲಂಕೆಯಲ್ಲಿ ಕೋಳಿ ಸತ್ತರೂ ನಮಗೆ ಬಿಡುವು ಬಿಡಪ್ಪ!" ಎಂದು ಕಲ್ಲು ಹೊರುವ ಒಡ್ಡರು ನಕ್ಕರು. ನಗುವಾಗಲೂ ಅವರ ಕಣ್ಣು ಮೂಡಣದ ಮೋಡದ ಮೇಲಿತ್ತು.

ಒಂದು ಮುಂಜಾನೆ ತಂಪುಗಾಳಿ ಬೀಸಿತು. ಗಾವುಂಡನ ಹೆಂಡತಿ ಜಕ್ಕವ್ವೆ ಏರಿಗೆ ಬಂದು, ಬೋರಲು ಬಿದ್ದ ಮಂಕರಿಗಳನ್ನು ಒಂದೊಂದಾಗಿ ಅಂಗಾತ ಮಾಡತೊಡಗಿದಳು.

"ಏನಿದು? ಸೂತಕ ಕಳೆದಿಲ್ಲ" ಎಂದ ಗಾವುಂಡ.

"ಸತ್ತವರಿಗೆ ನೀರು ಬಿಡುವುದು ಧರ್ಮ ತಾನೆ? ಬೋರಲು ಮಂಕರಿ ಯಾರ ಬಾಯಿಗೆ ನೀರು ಬಿಟ್ಟೀತು? ಮೊದಲು ಅದು ಕೆರೆಯಲ್ಲಿ ನಿಲ್ಲಲಿ. ಅವರ ಹೆಸರಿಗೆ ಒಂದೊಂದು ಕಲ್ಲಿಡಿ, ಬೇಕಾದರೆ."

"ಮಾಚನಿಗೆ?" ಗಾವುಂಡ ದಾರಿಯ ಕಡೆ ತಿರುಗಿದ.

"ಅವನ ಸುದ್ದಿ ಬಂದಿಲ್ಲ. ಬಾರದ ಸುದ್ದಿಗೆ ಸೂತಕವಿಲ್ಲ."

ಗಾವುಂಡ ಸೊಂಟಕ್ಕೆ ಪಂಚೆ ಬಿಗಿದು ಗಂಡಿಗಿಳಿದ. ಬಂದ ಸುದ್ದಿಗೊಂದು ಬಂಡೆ. ಒಂದು ಕಡೆ ಒಡ್ಡರು ಉರುಳಿಸುತ್ತಿದ್ದಂತೆ ಇನ್ನೊಂದು ಕಡೆ ಕಲ್ಲುಕುಟಿಗರು ಕೆತ್ತಿದರು. ಆ ಅವಸರದಲ್ಲೇ ಆನೆಗೆ ನಾಲ್ಕನೆಯ ಕಾಲು ಮೂಡಲಿಲ್ಲ. ಗಂಡಿ ತುಂಬಿದಾಗ ಒಂದು ಬಂಡೆ ಮಿಕ್ಕಿತು. "ಇದಕ್ಕೇನು ಕೆತ್ತಲಿ, ಅಯ್ಯಾ?" ಎಂದ ಕುಟಿಗ. ಗಾವುಂಡ ಅದರ ಮೈಸವರಿ, "ಇದು ಹೀಗೇ ಇರಲಿ" ಎಂದ. ಅದನ್ನು ಏರಿಯ ಮೇಲೆ ಒರಗಿಸಿದರು. ಹಸ್ತದ ಮಳೆ ಇಳಿಯಿತು. ಕೆಂಪು ನೀರು ಆನೆಯ ಕಾಲಿಗೆ ಬಂತು, ಗುರುಗಳ ಮೊಣಕಾಲಿಗೆ ಬಂತು, ಅಲ್ಲಿಯೇ ನಿಂತಿತು. ಏರಿ ಅಲುಗಲಿಲ್ಲ.

ಬಮ್ಮಗಾವುಂಡ ಬದುಕಿರುವವರೆಗೆ ಕತ್ತೆಗಳ ಗೆಜ್ಜೆ ಕೇಳಿದೊಡನೆ ಉಣ್ಣುವ ಎಲೆ ಬಿಟ್ಟು ಏಳುತ್ತಿದ್ದನಂತೆ. ಮಾಚ ಬಂದನೋ ಇಲ್ಲವೋ, ಹೇಳುವವರಿಲ್ಲ, ಶಿವನೇ ಬಲ್ಲ. ಇಂದಿಗೂ ಕೆರೆ ತುಂಬಿದ ವರುಷ ಊರವರು ಬೊಗಸೆಯಲ್ಲಿ ನೀರು ಮೊಗೆದು, ತಾವು ಕಾಣದ ನಾಡುಗಳ ಹೆಸರು ಹೇಳಿ, ಆ ಕಲ್ಲುಗಳ ಮೇಲೆ ಬಿಡುತ್ತಾರೆ. ಒರಗಿದ ಕಲ್ಲಿಗೆ ಮಾತ್ರ ನೀರು ಬಿಡುವುದಿಲ್ಲ. ಅದರ ಧೂಳು ಒರೆಸಿ, ದಾರಿಯ ಕಡೆಗೆ ಮುಖ ಮಾಡಿಸಿ ಒರಗಿಸಿ ಬರುತ್ತಾರೆ.